ಬೂತಾಯಿಯ ಇನ್ನೊಂದು ಹೆಸರು

"ಸಹಿ ಹಾಕ್ಲಿಕ್ಕೆ ಪೆನ್ನು ಬೇಕಾ ಮೇಡಂ?" ಎಂದು ಫ್ಲೋಯ್ಡ್ ಕೇಳಿದ್ದೇ ತಡ, ಡ್ಯಾಫ್ನಿಯ ಪಿತ್ತ ನೆತ್ತಿಗೇರಿತು.

ಅವನು ಮುಂದಕ್ಕೆ ತಳ್ಳಿದ ವರದಿಯನ್ನು ಅವಳು ಅಷ್ಟೇ ಜೋರಾಗಿ ಹಿಂದಕ್ಕೆ ತಳ್ಳಿದಳು. ಕಾಗದ ಮೇಜಿನ ಮೇಲೆ ಜಾರಿ ಅವನ ಚಹಾದ ಲೋಟಕ್ಕೆ ತಾಗಿ ನಿಂತಿತು. ಎರಡೇ ಪುಟದ ವರದಿ. ಕೊನೆಯ ಸಾಲಿನಲ್ಲಿ ಅಪರಾಧಿಯ ಹೆಸರು ರೂಪೇಶ್. ಅದರ ಕೆಳಗೆ ತನಿಖೆ ಮಾಡಿದವಳು ಸಹಿ ಹಾಕಬೇಕಾದ ಚುಕ್ಕೆಗಳ ಗೆರೆ. ನಾಲ್ಕು ಗಂಟೆಗೆ ಅದು ಪೊಲೀಸರ ಕೈ ಸೇರಬೇಕು. ಆಗ ಎರಡು ಗಂಟೆ ಹತ್ತು ನಿಮಿಷ.

ಅತ್ತಾವರದ ಆಸ್ಪತ್ರೆಯ ಹದಿನಾಲ್ಕನೇ ಬೆಡ್ಡಿನಲ್ಲಿ ಮುದ್ದು ಎಂಬ ಹೆಂಗಸು ಸತ್ತು ಹನ್ನೊಂದು ದಿನವಾಗಿತ್ತು. ಆಕೆಯ ರಕ್ತದಲ್ಲಿ ಪೊಟ್ಯಾಸಿಯಂ ಹೃದಯ ನಿಲ್ಲಿಸುವಷ್ಟು ಮಿತಿಮೀರಿದೆ ಎಂದು ಲ್ಯಾಬಿಗೆ ಮಧ್ಯಾಹ್ನವೇ ಗೊತ್ತಾಗಿತ್ತು. ನರ್ಸುಗಳ ಫೋನಿಗೆ ಆ ಕ್ಷಣವೇ ಹೋಗಬೇಕಿದ್ದ ಅಪಾಯದ ಕರೆ ಮಾತ್ರ ಆಕೆ ಸಾಯುವವರೆಗೂ, ನಾಲ್ಕು ಗಂಟೆ ಕಾಲ, ಹೋಗಲಿಲ್ಲ. ಕರೆ ಕಳಿಸುವ ಅಲರ್ಟ್ ಪ್ರೋಗ್ರಾಂ ಅಷ್ಟೂ ಹೊತ್ತು ನಿಂತುಹೋಗಿತ್ತು.

ಆಸ್ಪತ್ರೆಯ ಸರ್ವರುಗಳನ್ನು ನೋಡಿಕೊಳ್ಳುವುದು ಬಲ್ಮಠದ ಈ ಮೂರನೇ ಮಹಡಿಯ ಕಂಪನಿ. ಫ್ಲೋಯ್ಡ್ ಇಲ್ಲಿನ ಮುಖ್ಯ ಎಂಜಿನಿಯರ್, ರೂಪೇಶ್ ಅವನ ಕೈಕೆಳಗಿನ ಆಪರೇಟರ್. ಡ್ಯಾಫ್ನಿ ಲೋಬೊ ಕಂಪ್ಯೂಟರುಗಳ ಒಳಗೆ ನಡೆಯುವ ಕಳ್ಳತನ, ಮೋಸ, ಎಡವಟ್ಟುಗಳನ್ನು ಪತ್ತೆ ಹಚ್ಚುವವಳು. ಅವಳನ್ನು ಈ ಕೆಲಸಕ್ಕೆ ಕರೆದದ್ದು ಆಸ್ಪತ್ರೆಯ ಆಡಳಿತಾಧಿಕಾರಿ ಯೂಸ್ಟೇಸ್. ಅವರು ಅವಳ ಅಪ್ಪನ ತಮ್ಮ, ಅವಳಿಗೆ ಸ್ಕೂಟರ್ ಕಲಿಸಿದ ಬಾಪ್ಪು. ಯಾರ ತಪ್ಪು ಎನ್ನುವುದು ಗೊತ್ತಾದರೆ ಸಾಕು, ಒಂದು ಹೆಸರು ಹುಡುಕಿಕೊಡು ಎಂದಿದ್ದರು.

ಹೆಸರೇನೋ ಸಿದ್ಧವಾಗಿಯೇ ಇತ್ತು. ತನ್ನಿಂದ ಬೇಕಾಗಿದ್ದದ್ದು ಹುಡುಕಾಟವಲ್ಲ, ಸಹಿ ಎಂದು ಅವಳಿಗೆ ಇವತ್ತು ಅರ್ಥವಾಗಿತ್ತು. ಅವಳ ಮೈ ಉರಿಯುತ್ತಿದ್ದದ್ದು ಅದಕ್ಕೇ.

ಈ ಕೆಲಸದ ಗುಟ್ಟು ದೊಡ್ಡದೇನಲ್ಲ. ಒಂದೊಂದು ಸರ್ವರಿನಲ್ಲೂ ಒಂದು ಕಾವಲು ಪ್ರೋಗ್ರಾಂ ಇರುತ್ತದೆ. ಅದರ ಕೈಯಲ್ಲಿ ಒಂದು ಪಟ್ಟಿ. ಪಟ್ಟಿಯಲ್ಲಿ ಇರುವ ಪ್ರೋಗ್ರಾಂ ಬಿದ್ದರೆ ಅದನ್ನು ಎಬ್ಬಿಸುತ್ತದೆ. ಪಟ್ಟಿಯಿಂದ ಹೆಸರು ಹೋಯಿತೋ, ಓಡುತ್ತಿರುವುದನ್ನೂ ನಿಲ್ಲಿಸಿಬಿಡುತ್ತದೆ. ಆದರೆ ಆ ಪಟ್ಟಿಯನ್ನು ಯಾರೂ ಸರ್ವರಿನಲ್ಲಿ ಕೂತು ಬರೆಯುವಂತಿಲ್ಲ. ಅದರ ಮೂಲಪ್ರತಿ ಈ ಆಫೀಸಿನಲ್ಲಿ ಇದೆ. ಅರ್ಧ ಗಂಟೆಗೊಮ್ಮೆ ಇನ್ನೊಂದು ಪ್ರೋಗ್ರಾಂ ಎಲ್ಲ ಸರ್ವರುಗಳ ಪಟ್ಟಿಯನ್ನೂ ಮೂಲಪ್ರತಿಯೊಂದಿಗೆ ತಾಳೆ ನೋಡಿ, ವ್ಯತ್ಯಾಸ ಕಂಡಲ್ಲಿ ಯಾರನ್ನೂ ಕೇಳದೆ ಅಳಿಸಿ, ಮೂಲದಲ್ಲಿ ಇದ್ದಂತೆ ಬರೆದುಬಿಡುತ್ತದೆ.

ಮುದ್ದು ಸತ್ತ ಮಂಗಳವಾರ ಬೆಳಿಗ್ಗೆ ಹನ್ನೊಂದೂ ಐದಕ್ಕೆ, ಅಲರ್ಟ್ ಓಡುತ್ತಿಲ್ಲವೆಂದು ರೂಪೇಶ್ ಕಂಡುಹಿಡಿದಿದ್ದ. ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಮೂಲಪ್ರತಿಯನ್ನು ತಿದ್ದಹೋದರೆ ಅದಕ್ಕೆ ಬೀಗ. ಬೇರೆ ದಾರಿ ಕಾಣದೆ ಸರ್ವರಿನ ಪಟ್ಟಿಯಲ್ಲೇ ಕೈಯಿಂದ ಸೇರಿಸಿ ಅಲರ್ಟನ್ನು ಎಬ್ಬಿಸಿದ. ಹನ್ನೊಂದೂವರೆಗೆ ತಾಳೆ ನೋಡುವ ಪ್ರೋಗ್ರಾಂ ಬಂತು, ಅವನು ಸೇರಿಸಿದ ಸಾಲನ್ನು ಅಳಿಸಿತು. ಕಾವಲು ಪ್ರೋಗ್ರಾಂ ವಿಧೇಯವಾಗಿ ಅಲರ್ಟನ್ನು ನಿಲ್ಲಿಸಿತು. ಹನ್ನೆರಡೂ ಹತ್ತಕ್ಕೆ ಲ್ಯಾಬಿನ ಫಲಿತಾಂಶ ಬಂತು.

ಕಂಪನಿಯ ಪ್ರಕಾರ ಇದೆಲ್ಲ ರೂಪೇಶನದೇ ಕರಾಮತ್ತು. ಅದಕ್ಕೂ ಮೂರು ದಿನ ಹಿಂದೆ, ಶನಿವಾರ ಮಧ್ಯಾಹ್ನ ಒಂದೂ ಇಪ್ಪತ್ತೈದಕ್ಕೆ, ಅವನ ಲಾಗಿನ್ನಿನಿಂದಲೇ ಮೂಲಪ್ರತಿಯ ಆ ಸಾಲು ಬದಲಾಗಿತ್ತು. ದಾಖಲೆ ಸುಳ್ಳು ಹೇಳುವುದಿಲ್ಲ ಎಂದು ಫ್ಲೋಯ್ಡ್ ಈಗ ಮೂರನೇ ಸಲ ಹೇಳಿದ.

"ಸಾಲು ಎಂತ ಹೇಳ್ತದೆ?" ಎಂದು ಡ್ಯಾಫ್ನಿ ಕೇಳಿದಳು.

ಅವನು ಮಾನಿಟರನ್ನು ಅವಳ ಕಡೆ ತಿರುಗಿಸಿದ. ಇಂಥ ಸರ್ವರಿನಲ್ಲಿ ಅಲರ್ಟ್ ಪ್ರೋಗ್ರಾಂ ಕಾಯಬೇಕು ಎನ್ನುವ ಸಾಲು. ಈ ಕಂಪನಿಯಲ್ಲಿ ಸರ್ವರುಗಳಿಗೆಲ್ಲ ಮೀನಿನ ಹೆಸರು. ಒಳಕೋಣೆಯ ಪೆಟ್ಟಿಗೆಗಳ ಮೇಲೆ ಅಂಜಲ್, ಬಂಗುಡೆ, ಕಾಣೆ, ಬೂತಾಯಿ ಎಂದು ಚೀಟಿ ಅಂಟಿಸಿದ್ದಾರೆ. ಆಸ್ಪತ್ರೆಯ ಅಲರ್ಟ್ ಓಡುವುದು ಬೂತಾಯಿಯಲ್ಲಿ. ಆದರೆ ಸಾಲಿನಲ್ಲಿ ಬೂತಾಯಿ ಇರಬೇಕಾದ ಜಾಗದಲ್ಲಿ ಐದು ಇಂಗ್ಲಿಷ್ ಅಕ್ಷರ ಇದ್ದವು: ಟಿ, ಎ, ಆರ್, ಎಲ್, ಇ. ಆ ಹೆಸರಿನ ಸರ್ವರೇ ಇಲ್ಲ. ಇಲ್ಲದ ಸರ್ವರಿನಲ್ಲಿ ಮಾಡಲು ಕೆಲಸವೂ ಇಲ್ಲವಾದ್ದರಿಂದ, ತಾಳೆ ನೋಡುವ ಪ್ರೋಗ್ರಾಂ ಅರ್ಧ ಗಂಟೆಗೊಮ್ಮೆ ಎಲ್ಲ ಸರಿಯಿದೆ ಎಂದು ಹಸಿರು ದೀಪ ತೋರಿಸುತ್ತ ಇತ್ತು. ಮೂರು ದಿನವೂ ಹಸಿರು ದೀಪ.

ಇದೇ ಐದು ಅಕ್ಷರಗಳನ್ನು ಅವಳು ಬೆಳಿಗ್ಗೆ ಶಕ್ತಿನಗರಕ್ಕೆ ಹೋಗಿ ರೂಪೇಶನಿಗೂ ತೋರಿಸಿದ್ದಳು.

ಅವನು ಮನೆಯ ಜಗುಲಿಯಲ್ಲಿ ಕೂತಿದ್ದ. ಮೂರು ದಿನದ ಗಡ್ಡ, ಕೆಲಸಕ್ಕೆ ಬರಬೇಡ ಎಂದು ಕಂಪನಿ ಕಳಿಸಿದ ಪತ್ರ ಪಕ್ಕದಲ್ಲೇ ಮಡಚಿ ಇಟ್ಟಿತ್ತು. ಅವನ ತಂಗಿ ಅನುಷ್ಕಾ ಬಿಳಿ ಸಮವಸ್ತ್ರದಲ್ಲಿ ಹೊರಟು ನಿಂತಿದ್ದಳು. ಅದೇ ಆಸ್ಪತ್ರೆಯ ನರ್ಸಿಂಗ್ ಕಾಲೇಜಿನಲ್ಲಿ ಅವಳದು ಕೊನೆಯ ವರ್ಷ, ಮುಂದಿನ ತಿಂಗಳು ಪರೀಕ್ಷೆ. ಅವಳು ಅಣ್ಣನ ಮುಖವನ್ನೇ ಒಂದು ಗಳಿಗೆ ನೋಡಿ ಬಸ್ಸಿಗೆ ಹೋದಳು.

ರೂಪೇಶ್ ಲ್ಯಾಪ್‌ಟಾಪಿನ ಮೇಲೆ ಬಗ್ಗಿ ಆ ಸಾಲನ್ನು ಓದಿದ್ದ. "ಬೂತಾಯಿ ಇರ್ಬೇಕಾದಲ್ಲಿ ತರ್ಲೆ ಅಂತ ಉಂಟಲ್ಲ ಮೇಡಂ. ಇದು ಯಾರ ತರ್ಲೆ?" ಎಂದಿದ್ದ. ತಾನು ಇಲ್ಲದ ಹೊತ್ತಿನಲ್ಲಿ ಯಾರೋ ಕೀಟಲೆಗೆ ಹೀಗೆ ಬರೆದಿದ್ದಾರೆ ಎಂದೇ ಅವನು ತಿಳಿದಿದ್ದ. ಶನಿವಾರ ಆ ಹೊತ್ತಿಗೆ ಅವನು ಊಟಕ್ಕೆ ಹೋಗಿದ್ದನಂತೆ. ಕಂಡವರು ಯಾರೂ ಇಲ್ಲ.

ಡ್ಯಾಫ್ನಿ ಅವನಿಗೆ ಏನೂ ಹೇಳದೆ ಲ್ಯಾಪ್‌ಟಾಪ್ ಮುಚ್ಚಿದ್ದಳು. ಅವಳ ಕಣ್ಣಿಗೆ ಅದು ತರ್ಲೆ ಎಂದು ಕಂಡಿರಲೇ ಇಲ್ಲ. ಕೊಂಕಣಿ ಮನೆಯಲ್ಲಿ ಹುಟ್ಟಿದವರು ಯಾರೂ ಅದನ್ನು ಹಾಗೆ ಓದುವುದಿಲ್ಲ. ಅದು ತಾರ್ಲೆ. ತುಳುವರ ಬೂತಾಯಿಯೇ ಕೊಂಕಣಿಯವರ ತಾರ್ಲೆ. ಅವಳ ಅಮ್ಮ ಮೆಣಸು ಅರೆದು ಹಚ್ಚಿ ಹುರಿಯುತ್ತಿದ್ದ, ಮುಳ್ಳು ನೋಡಿಕೊಂಡು ತಿನ್ನು ಎಂದು ಬೈಯುತ್ತಿದ್ದ ಅದೇ ಮೀನು. ತುಳು ಮನೆಯ ರೂಪೇಶನಿಗೆ ಆ ಹೆಸರು ಗೊತ್ತೇ ಇರಲಿಲ್ಲ. ಗೊತ್ತಿಲ್ಲದ ಹೆಸರನ್ನು ಅವನು ಬರೆಯುವುದು ಹೇಗೆ?

ಆ ಮೂಲಪ್ರತಿಯನ್ನು ಮುಟ್ಟುವವರು ಇಡೀ ಆಫೀಸಿನಲ್ಲಿ ಮೂವರೇ. ಮೂರನೆಯವನು ಆಶಿಕ್. ಅವನ ಬ್ಯಾರಿ ಮನೆಯಲ್ಲಿ ಆ ಮೀನಿಗೆ ಮತ್ತಿ ಎನ್ನುತ್ತಾರೆ. ಸಾಲದ್ದಕ್ಕೆ ಆ ಶನಿವಾರ ಅವನು ಕಾಸರಗೋಡಿನಲ್ಲಿ ಅಕ್ಕನ ಮದುವೆಯಲ್ಲಿ ಬಿರಿಯಾನಿ ಬಡಿಸುತ್ತಿದ್ದ, ಫೋಟೋಗಳೇ ಇದ್ದವು. ಹಾಗಾಗಿ ಉಳಿದವನು ಕೊಂಕಣಿ ಮನೆಯವನೇ, ಈಗ ಎದುರು ಕೂತು ಪೆನ್ನು ಬೇಕಾ ಎಂದು ಕೇಳಿದವನು.

"ಈ ಶಬ್ದ ಓದಿ ಫ್ಲೋಯ್ಡ್," ಎಂದಳು.

"ಓದ್ಲಿಕ್ಕೆ ಎಂತ ಉಂಟು? ಅರ್ಥ ಇಲ್ಲದ ಅಕ್ಷರಗಳು. ಕೈ ತಪ್ಪಿ ಟೈಪ್ ಮಾಡಿದ್ದಾನೆ."

"ಅರ್ಥ ಇಲ್ವಾ?"

"ನಂಗೆ ಗೊತ್ತಿಲ್ಲ ಮೇಡಂ."

ಅವಳು ಚೀಲದಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದಳು. ಬರುವ ದಾರಿಯಲ್ಲಿ ಹೋಟೆಲಿನಿಂದ ಕಟ್ಟಿಸಿಕೊಂಡು ಬಂದ ಹುರಿದ ಮೀನು, ಇನ್ನೂ ಬಿಸಿಯಾಗಿತ್ತು. ಇದಕ್ಕೆ ನಿಮ್ಮಲ್ಲಿ ಎಂತ ಹೇಳುತ್ತಾರೆ ಎಂದು ಕೇಳಿದಳು. ಫ್ಲೋಯ್ಡ್ ಮೀನನ್ನೂ ಅವಳನ್ನೂ ನೋಡಿ ಸಣ್ಣಗೆ ನಕ್ಕ. ಬೂತಾಯಿ ಎಂದ. ತನಗೆ ತುಳು ಚೆನ್ನಾಗಿ ಬರುತ್ತದೆ, ಮೀನಿನ ಮಾರ್ಕೆಟ್ಟಿನಲ್ಲಿ ಬೇರೆ ಯಾವ ಭಾಷೆಯಲ್ಲಿ ಚೌಕಾಸಿ ಮಾಡುವುದು ಎಂದೂ ಸೇರಿಸಿದ.

ಅವನ ಬಾಯಿಂದಲೇ ತಾರ್ಲೆ ಎನ್ನಿಸುವ ಉಪಾಯ ಕೆಟ್ಟಿತು. ನಿಜಕ್ಕೂ ಅದೊಂದು ಹುಡುಗಾಟಿಕೆಯ ಉಪಾಯವೇ ಆಗಿತ್ತು, ಅವಳಿಗೇ ನಾಚಿಕೆಯಾಯಿತು. ನಾಚಿಕೆಯಾದಾಗ ಡ್ಯಾಫ್ನಿಗೆ ಸಿಟ್ಟು ಇಮ್ಮಡಿಯಾಗುತ್ತದೆ, ಅದು ಅವಳ ಹುಟ್ಟುಗುಣ. ಸಿಟ್ಟು ಹೆಚ್ಚಾದರೆ ಅವಳ ಬಾಯಿಗೆ ಕನ್ನಡವೂ ಇಂಗ್ಲಿಷೂ ಬರುವುದಿಲ್ಲ.

ಅವಳು ಕೊಂಕಣಿಯಲ್ಲಿ ಶುರು ಮಾಡಿದಳು. ಹೊರಗಿನ ಕೋಣೆಯವರು ತಲೆ ಎತ್ತಿ ನೋಡುವಷ್ಟು ಜೋರಾಗಿ ಶುರು ಮಾಡಿದಳು. ಹದಿನಾಲ್ಕನೇ ಬೆಡ್ಡಿನ ಹೆಂಗಸು ಕೊನೆಯ ಗಂಟೆಯಲ್ಲಿ ಎದೆ ಹಿಡಿದುಕೊಂಡು ನೀರು ಕೇಳಿದ್ದನ್ನು, ವಾರ್ಡಿನ ನರ್ಸ್ ತೆರೆಸಾ ಸಿಸ್ಟರ್ ನೀರು ತರುವಷ್ಟರಲ್ಲಿ ಕಣ್ಣು ತಿರುಗಿದ್ದನ್ನು ಹೇಳಿದಳು. ತೆರೆಸಾ ಸಿಸ್ಟರ್ ಈಗಲೂ ಕರೆ ಬಂದಿತ್ತೇನೋ, ನಾನೇ ಕೇಳಿಸಿಕೊಳ್ಳಲಿಲ್ಲವೇನೋ ಎಂದು ತನ್ನ ಫೋನನ್ನು ತಿರುಗಿಸಿ ತಿರುಗಿಸಿ ನೋಡುತ್ತಾಳೆ ಎಂದಳು. ನೀನು ಇಲ್ಲಿ ಚಹಾ ಕುಡಿಯುತ್ತ ಇನ್ನೊಬ್ಬನ ತಲೆಗೆ ಕಟ್ಟಿ ಕೈತೊಳೆದುಕೊಳ್ಳುತ್ತೀಯಾ, ನಿನಗೆ ಮಾನ ಉಂಟಾ ಎಂದು ಕೇಳಿದಳು.

ಫ್ಲೋಯ್ಡನ ಮುಖ ಕೆಂಪಾಯಿತು. ಅವನೂ ಕೊಂಕಣಿಯಲ್ಲೇ ತಿರುಗಿಬಿದ್ದ. ತಾನೇನು ಕಲ್ಲಲ್ಲ, ತನಗೂ ತಾಯಿ ಇದ್ದಾಳೆ, ಕೈಲಾದದ್ದನ್ನು ಮಾಡಿದ್ದೇನೆ ಎಂದು ಒಂದೇ ಉಸಿರಿಗೆ ಹೇಳಿದ.

"ಸೋಮವಾರ ಬೆಳಿಗ್ಗೆ ಬಂದವನೇ ನೋಡಿದೆ, ತಾರ್ಲೆಯಲ್ಲಿ ಅಲರ್ಟ್ ಓಡ್ತಾ ಇರ್ಲಿಲ್ಲ. ಆಗಲೇ ನಾನು..."

ಅಲ್ಲಿಗೆ ನಿಂತ. ನಾಲಿಗೆ ಎರಡು ಕಡೆ ಜಾರಿತ್ತು. ಗೊತ್ತಿಲ್ಲ ಎಂದ ಹೆಸರೂ ಬಾಯಿಗೆ ಬಂತು, ಸೋಮವಾರವೂ ಬಂತು. ಮುದ್ದು ಸತ್ತದ್ದು ಮಂಗಳವಾರ.

ಡ್ಯಾಫ್ನಿ ಕುರ್ಚಿ ಎಳೆದುಕೊಂಡು ಕೂತಳು. ಅವಳ ದನಿ ಈಗ ಇಳಿದಿತ್ತು, ಸಿಟ್ಟು ಇಳಿದಿರಲಿಲ್ಲ. "ಮನೆಯಲ್ಲಿ ಬರುವ ಶಬ್ದ ಆಫೀಸಿನಲ್ಲಿ ಕೈಗೆ ಬಂತು, ಅಲ್ವಾ? ಮುಂದೆ ಹೇಳಿ."

ಆಮೇಲೆ ಅವನು ಮುಚ್ಚಿಡಲಿಲ್ಲ. ಶನಿವಾರ ಊಟದ ಹೊತ್ತು ಮೂಲಪ್ರತಿಯನ್ನು ಚೊಕ್ಕ ಮಾಡಲು ಕೂತಿದ್ದ. ತನ್ನ ಲಾಗಿನ್ನಿನಿಂದ ಮಾಡಿದರೆ ಪ್ರತಿಯೊಂದು ಬದಲಾವಣೆಗೂ ಆಸ್ಪತ್ರೆಯ ಒಪ್ಪಿಗೆ ಬೇಕು. ಆಪರೇಟರನ ಲಾಗಿನ್ನಿನಿಂದ ಸಣ್ಣ ರಿಪೇರಿ ಒಪ್ಪಿಗೆಯಿಲ್ಲದೆ ನಡೆಯುತ್ತದೆ. ರೂಪೇಶನ ಕಂಪ್ಯೂಟರ್ ತೆರೆದೇ ಇತ್ತು. ಕೆಲಸದ ನಡುವೆ ಒಂದು ಸಾಲು ಅಳಿಸಿಹೋಯಿತು, ಅದನ್ನು ನೆನಪಿನಿಂದಲೇ ಮತ್ತೆ ಬರೆದ. ಹಸಿರು ದೀಪ ಬಂತು, ಎದ್ದು ಹೋದ.

ತಪ್ಪು ಇಷ್ಟೇ. ಯಾರ ಕೈಯಲ್ಲೂ ಆಗಬಹುದಾದ ತಪ್ಪು. ಹನ್ನೊಂದು ದಿನ ಬಾಯಿ ಮುಚ್ಚಿ ಕೂತದ್ದಕ್ಕೆ ಮಾತ್ರ ಡ್ಯಾಫ್ನಿಯಲ್ಲಿ ಕ್ಷಮೆ ಇರಲಿಲ್ಲ.

"ಸೋಮವಾರ ಗೊತ್ತಾದ ಮೇಲೆ ತಿದ್ಲಿಕ್ಕೆ ಎಂತ ದಾಡಿ?"

ಸೋಮವಾರ ಆಸ್ಪತ್ರೆಗೆ ಗುಣಮಟ್ಟ ನೋಡುವ ಇನ್‌ಸ್ಪೆಕ್ಷನ್ ತಂಡ ಬಂದಿತ್ತು ಎಂದ ಫ್ಲೋಯ್ಡ್. ತಂಡ ಹೋಗುವವರೆಗೆ ಯಾರೂ ಏನನ್ನೂ ಬದಲಿಸಬಾರದೆಂದು ಆಸ್ಪತ್ರೆಯವರು ಬೆಳಿಗ್ಗೆಯೇ ಮೂಲಪ್ರತಿಗೆ ಬೀಗ ಹಾಕಿಸಿದ್ದರು. ಇವನು ಹತ್ತೂ ಇಪ್ಪತ್ತಕ್ಕೆ ಮನವಿ ಕಳಿಸಿದ. ಅಲರ್ಟ್ ನಿಂತಿದೆ, ಒಂದು ಶಬ್ದ ತಿದ್ದಬೇಕು, ತುರ್ತು ಎಂದು ಬರೆದಿದ್ದ. ಮಾನಿಟರಿನಲ್ಲಿ ಆ ಮನವಿಯನ್ನು ತೆರೆದು ತೋರಿಸಿದ. ಅದರ ಕೆಳಗೆ ಆರೇ ನಿಮಿಷದಲ್ಲಿ ಬಂದ ಉತ್ತರ: ತಂಡ ಗುರುವಾರ ಹೋಗುತ್ತದೆ. ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡಿ. ನರ್ಸುಗಳಿಗೆ ನಾನೇ ತಿಳಿಸುತ್ತೇನೆ.

ಯಾರೂ ತಿಳಿಸಿರಲಿಲ್ಲ. ತೆರೆಸಾ ಸಿಸ್ಟರನ್ನು ಅವಳು ಎರಡು ಸಲ ಕೇಳಿದ್ದಳು.

ಉತ್ತರದ ಕೊನೆಯಲ್ಲಿದ್ದ ಹೆಸರನ್ನು ಡ್ಯಾಫ್ನಿ ಓದಿದಳು. ಯೂಸ್ಟೇಸ್ ಲೋಬೊ.

ಅಲರ್ಟ್ ಸತ್ತಿದೆ ಎಂದು ಬಾಪ್ಪುವಿಗೆ ಒಂದು ದಿನ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ತನ್ನನ್ನು ಕರೆಸಿ, ಎದುರು ಕೂರಿಸಿ, ಮುದ್ದುವಿಗಾಗಿ ನಿಟ್ಟುಸಿರು ಬಿಟ್ಟು, ಒಂದು ಹೆಸರು ಹುಡುಕಿಕೊಡು ಎಂದಿದ್ದರು. ಹೊರಗಿನವರನ್ನು ಕರೆದರೆ ಅವರು ಹುಡುಕಿಬಿಡುತ್ತಾರೆ, ಅಣ್ಣನ ಮಗಳಾದರೆ ಕೊಟ್ಟಲ್ಲಿ ಸಹಿ ಹಾಕುತ್ತಾಳೆ ಎಂದು ತಾನೆ ಅವರ ಲೆಕ್ಕ? ದುಃಖಕ್ಕೆ ಅವಳಲ್ಲಿ ಜಾಗವಿರಲಿಲ್ಲ. ಇದ್ದದ್ದು ಸಿಟ್ಟಿಗೆ ಮಾತ್ರ.

ನಾಲ್ಕು ಗಂಟೆಯೊಳಗೆ ಈ ಮನವಿಯನ್ನೂ ಉತ್ತರವನ್ನೂ ತೆಗೆದುಕೊಂಡು ತನ್ನ ಜೊತೆ ಬರಬೇಕು, ಈಗ ಹೇಳಿದ್ದನ್ನೇ ಪೊಲೀಸರ ಮುಂದೆ ಹೇಳಬೇಕು ಎಂದು ಅವಳು ಫ್ಲೋಯ್ಡನಿಗೆ ಹೇಳಿದಳು. ಅವನು ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದ. ಹೂಂ ಎಂದ. ರೂಪೇಶನಿಗೆ ಮದುವೆ ನಿಶ್ಚಯವಾಗಿದೆ, ಅದನ್ನು ನೆನೆದರೆ ನಿದ್ದೆ ಬರುವುದಿಲ್ಲ ಎಂದೂ ಹೇಳಿದ. ಮುದ್ರಿಸಿಕೊಡಲು ಮೌಸಿನ ಮೇಲೆ ಕೈಯಿಟ್ಟ.

ಆಗಲೇ ಡ್ಯಾಫ್ನಿಯ ಫೋನ್ ಹೊಡೆದುಕೊಂಡಿತು. ಪರದೆಯ ಮೇಲೆ ಬಾಪ್ಪು ಎಂಬ ಹೆಸರು, ಅದರ ಪಕ್ಕ ಕ್ರಿಸ್ಮಸ್ಸಿನಲ್ಲಿ ತೆಗೆದ ನಗುಮುಖ. ಅವಳು ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟಳು.

ಯೂಸ್ಟೇಸ್ ಎಂದಿನ ಮೆದು ದನಿಯಲ್ಲಿ ಕೊಂಕಣಿಯಲ್ಲೇ ಮಾತಾಡಿದರು. ಅವಳು ಇನ್ನು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಸಹಿಯೂ ಬೇಕಾಗಿಲ್ಲ. ರೂಪೇಶ್ ತಾನಾಗಿ ಆಸ್ಪತ್ರೆಗೆ ಬಂದಿದ್ದಾನೆ. ಎಲ್ಲವನ್ನೂ ಒಪ್ಪಿಕೊಂಡು ಕೈಯಾರೆ ಬರೆದುಕೊಟ್ಟಿದ್ದಾನೆ. ಪೊಲೀಸ್ ಇನ್‌ಸ್ಪೆಕ್ಟರರೂ ಈಗ ಬಾಪ್ಪುವಿನ ಕೋಣೆಯಲ್ಲೇ ಕೂತಿದ್ದಾರೆ.

"ಅವನ ತಂಗಿಯ ಪರೀಕ್ಷೆ ಬಗ್ಗೆ ಅವನಿಗೆ ಎಂತ ಹೇಳಿದಿರಿ ಬಾಪ್ಪು?"

"ಊಟ ಆಯ್ತಾ ಡ್ಯಾಫ್ನಿ?" ಎಂದು ಕೇಳಿ ಫೋನ್ ಇಟ್ಟರು.

ಹಿಂದೆಯೇ ಒಂದು ಫೋಟೋ ಬಂತು. ಆಸ್ಪತ್ರೆಯ ಹೆಸರು ಅಚ್ಚಾದ ಕಾಗದ, ಅದರ ಮೇಲೆ ರೂಪೇಶನ ಗುಂಡು ಗುಂಡು ಕನ್ನಡ ಅಕ್ಷರ. ಶನಿವಾರ ಮಧ್ಯಾಹ್ನ ಬೂತಾಯಿ ಎಂದು ಇರಬೇಕಾದಲ್ಲಿ ತರ್ಲೆ ಎಂದು ಬರೆದದ್ದು ನಾನೇ, ತಪ್ಪು ಪೂರ್ತಿ ನನ್ನದು. ಕೆಳಗೆ ಸಹಿ.

ಡ್ಯಾಫ್ನಿ ಹಲ್ಲು ಕಡಿದಳು. ತಾನು ಬೆಳಿಗ್ಗೆ ತೋರಿಸಿದ ಸಾಕ್ಷ್ಯವನ್ನೇ ತೆಗೆದುಕೊಂಡು ಹೋಗಿ ಅವನು ತನ್ನ ಕುತ್ತಿಗೆಗೆ ಕಟ್ಟಿಕೊಂಡಿದ್ದ. ಆದರೂ ಒಂದು ಕಡೆ ಸಿಕ್ಕಿಬಿದ್ದಿದ್ದ. ತಾರ್ಲೆ ಎಂದಲ್ಲ, ತರ್ಲೆ. ತಾನೇ ಬರೆದೆ ಎನ್ನುವ ಶಬ್ದ ಮೀನಿನ ಹೆಸರು ಎಂಬುದೇ ಅವನಿಗೆ ಈ ಹೊತ್ತಿನವರೆಗೂ ಗೊತ್ತಿರಲಿಲ್ಲ. ಈ ತಪ್ಪೊಪ್ಪಿಗೆ ಸುಳ್ಳು ಎಂದು ಅವನ ಅಕ್ಷರವೇ ಹೇಳುತ್ತಿತ್ತು. ಕೊಂಕಣಿ ಬಲ್ಲ ಒಬ್ಬ ಎಂಜಿನಿಯರ್ ಪಕ್ಕದಲ್ಲಿ ನಿಂತು ಅದನ್ನು ಇನ್‌ಸ್ಪೆಕ್ಟರರಿಗೆ ಓದಿ ಹೇಳಿದರೆ ಸಾಕು.

ಅವಳು ಫೋನನ್ನು ಫ್ಲೋಯ್ಡನ ಕಡೆ ತಿರುಗಿಸಿದಳು. ಅವನು ಒಮ್ಮೆ ಓದಿದ. ಮತ್ತೊಮ್ಮೆ, ನಿಧಾನವಾಗಿ ಓದಿದ. ಅವನ ಭುಜಗಳು ಸಡಿಲವಾದದ್ದನ್ನು ಅವಳು ಕಂಡಳು.

ಅವನು ಮೌಸನ್ನು ಎಳೆದುಕೊಂಡ. ಎರಡೇ ಸಲ ಒತ್ತಿದ. ಸೋಮವಾರದ ಮನವಿಯೂ ಅದರ ಉತ್ತರವೂ ಪರದೆಯಿಂದ ಹೋದವು, ದಾಖಲೆ ಅಳಿಸಲಾಗಿದೆ ಎಂಬ ಸಾಲು ಬಂತು. ಡ್ಯಾಫ್ನಿ ಮೇಜನ್ನು ಸುತ್ತಿಕೊಂಡು ಹೋಗಿ ಅವನ ಕೈ ಹಿಡಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಫ್ಲೋಯ್ಡ್," ಎಂದು ಅವಳು ಕೊಂಕಣಿಯಲ್ಲಿ ಕರೆದಳು. ಇಷ್ಟು ಹೊತ್ತು ಹೇಳಿದ್ದನ್ನು ಇನ್ನೊಮ್ಮೆ ಹೇಳು, ಆ ಸರ್ವರಿನ ಹೆಸರೇನು, ತಾರ್ಲೆ ಅಂದರೆ ಏನು ಎಂದು ಕೇಳಿದಳು.

ಅವನು ತನ್ನ ಕೈ ಬಿಡಿಸಿಕೊಂಡ. ಮೇಜಿನ ಮೇಲಿನ ಮೀನಿನ ಪೊಟ್ಟಣವನ್ನು ಮಡಚಿ ಅವಳ ಕಡೆ ಸರಿಸಿದ. ಉತ್ತರ ಕೊಂಕಣಿಯಲ್ಲಿ ಬರಲಿಲ್ಲ, ಆಫೀಸಿನ ಕನ್ನಡದಲ್ಲಿ ಬಂತು.

"ತಾರ್ಲೆಯಾ? ಅದೆಂತದು ಮೇಡಂ?"